ಖಾಲಾಗೆ ಹೇಳಿಹೋಗುವ ಓಣಿ

೧೧ ಮೇ ೨೦೨೧, ಮಂಗಳವಾರ

ಬೆಳಿಗ್ಗೆ ಆರಕ್ಕೆ ಡ್ಯೂಟಿ. ಮತ್ತೆ ಅದೇ ಚೆಕ್‌ಪೋಸ್ಟ್, ಊರ ಹೊರಗೆ, ರಾಯಚೂರು ರಸ್ತೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ಲಾಕ್‌ಡೌನ್ ಕೊಟ್ಟ ಹೊಸ ಸಿಲಬಸ್ — ಎಲ್ಲಿಗೆ? ಯಾಕೆ? ಯಾವಾಗ ವಾಪಸ್? ಹೆಸರು, ಮೊಬೈಲ್ ನಂಬರ್ ಸಮೇತ ಬರೆದುಕೊಳ್ಳಬೇಕು. ಜೊತೆಗೆ ಹೋಂಗಾರ್ಡ್ ಅಮೋಘಸಿದ್ದ. ಕೈಯಲ್ಲಿ ಲಾಠಿ ಇದೆ, ಬೀಸುವ ಮನಸ್ಸಿಲ್ಲ.

ಇವತ್ತು ಅರ್ಧ ಮಾನ್ವಿಗೆ ಬಿ.ಪಿ. ಬಂದವರೆಲ್ಲರ ಕೈಯಲ್ಲೂ ಔಷಧಿ ಚೀಟಿ. ಆಮೇಲೆ ಗೊತ್ತಾಯಿತು, ಎಲ್ಲರದೂ ಒಂದೇ ಚೀಟಿ. ಯಾರೋ ಗಡಿಗೆಪ್ಪ ಎನ್ನುವವರದು, ವಯಸ್ಸು ೭೧. ಹೋದವನು ಬರುವವನಿಗೆ ದಾಟಿಸುತ್ತಿದ್ದಾನೆ. ಒಬ್ಬ ಬುಲೆಟ್ ಮೇಲೆ ಬಂದ, ಕೂಲಿಂಗ್ ಗ್ಲಾಸ್ ಬೇರೆ. ನೀನೇನಪ್ಪ ಗಡಿಗೆಪ್ಪ ಅಂದೆ. ಹೌದು ಸರ್ ಅಂದ. ನಾಚಿಕೆ ಅನ್ನುವುದು ಇಲ್ಲವೇ ಇಲ್ಲ. ವಾಪಸ್ ಕಳಿಸಿದೆ.

ಇಷ್ಟು ಪ್ರಶ್ನೆ ಕೇಳಿ ಬಾಯಿ ಒಣಗಿತು. ಕೇಳುವುದು ಕಷ್ಟ ಎಂದು ಈಗ ತಿಳಿಯಿತು. ಖಾಲಾ ಅಷ್ಟು ವರ್ಷ ಹೇಗೆ ಕೇಳಿದರೋ.

೧೨ ಮೇ

ನಿನ್ನೆ ಖಾಲಾ ಹೆಸರು ಬರೆದು ಮಲಗಿದೆ. ಬೆಳಗ್ಗೆಯಿಂದ ಅದೇ ತಲೆಯಲ್ಲಿ.

ಎದುರು ಮನೆಯ ಜೈಬುನ್ನೀಸಾ ಖಾಲಾ. ಗೆಳೆಯ ಬುರ್ಹಾನುದ್ದೀನನ ತಾಯಿ. ನಮ್ಮ ಓಣಿಗೆ ಬಾಯಿ ಒಂದೇ, ಆ ಬಾಯಿಗೆ ಅವರ ಮನೆಯ ಕಟ್ಟೆ. ಅಲ್ಲಿ ಕೂತು ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಎಲ್ಲಿಗಿ ಹೊಂಟಿ?" ಹೇಳದೆ ಯಾರೂ ದಾಟುವಂತಿಲ್ಲ. ಹಿಂದೂ, ಮುಸ್ಲಿಂ, ಹೊಸ ಸೊಸೆ, ರಿಟೈರ್ಡ್ ಸಾಹೇಬ — ಎಲ್ಲರಿಗೂ ಒಂದೇ ಕಾಯಿದೆ. ವಾಪಸ್ ಬಂದಾಗ "ಬಂದೆ ನೋಡ್ರಿ ಖಾಲಾ" ಅನ್ನಬೇಕು. ಅನ್ನದವನ ಮನೆಗೆ ಕತ್ತಲಾದ ಮೇಲೆ ಖಾಲಾ ತಾವೇ ಬಂದು ವಿಚಾರಿಸುವರು. ಯಾರು ಮಾಡಿದ ನಿಯಮವೋ. ದಂಡವಿಲ್ಲ, ಲಾಠಿಯಿಲ್ಲ. ಆದರೂ ಓಣಿಯಲ್ಲಿ ಯಾರೂ ತಪ್ಪಿಸಿದ್ದಿಲ್ಲ.

ಅವ್ವ ತೀರಿದಾಗ ನಾನು ಆರನೇ ಕ್ಲಾಸು. ಅಪ್ಪನಿಗೆ ಅಕ್ಕಿ ಗಿರಣಿಯ ಲೆಕ್ಕ ಬರೆಯುವ ಕೆಲಸ, ಬರುವುದು ತಡ. ಶಾಲೆ ಬಿಟ್ಟು ಬಂದು "ಬಂದೆ" ಅಂದರೆ ಸಾಕು, ಕಟ್ಟೆಯ ಮೇಲೆ ತಟ್ಟೆ ಬರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ. ನಾವು ಲಿಂಗಾಯತರು ಎಂದು ನನಗೆ ಬೇರೆ ಪಾತ್ರೆಯಲ್ಲೇ ಮಾಡುತ್ತಿದ್ದರು. ಬುರ್ಹಾನ ನನ್ನ ತಟ್ಟೆಗೆ ಕೈ ಹಾಕಿದರೆ ಅವನಿಗೆ ಏಟು. ಎಷ್ಟು ಚೆನ್ನಾಗಿದ್ದವು ಆ ಸಂಜೆಗಳು. ಎಷ್ಟು ಬರೆದರೂ ಸಾಲದು.

೧೪ ಮೇ, ರಂಜಾನ್

ಈದ್ಗಾ ಖಾಲಿ. ಎಲ್ಲರೂ ಮನೆಯಲ್ಲೇ ನಮಾಜು. ಅಪ್ಪುಗೆ ಇಲ್ಲ.

ಡ್ಯೂಟಿ ಮುಗಿಸಿ ಬಂದಾಗ ಖಾಲಾ ಕಿಟಕಿಯಲ್ಲಿದ್ದರು. ಡಾಕ್ಟರ್ ಹೊರಗೆ ಕೂರಬೇಡಿ ಅಂದಾಗಿನಿಂದ ಕಟ್ಟೆ ಬಿಟ್ಟಿದ್ದಾರೆ. ಒಳಗೆ ಬಾ ಎಂದು ಕೈ ಮಾಡಿದರು. ದಿನಕ್ಕೆ ಇನ್ನೂರು ಮಂದಿಯ ಮುಖದ ಮುಂದೆ ನಿಲ್ಲುವವನು ನಾನು. ಎಪ್ಪತ್ತೆಂಟರ ಜೀವ, ಹೃದಯ ಬೇರೆ ವೀಕು. ರಸ್ತೆಯಲ್ಲೇ ನಿಂತು ಕೈ ಮುಗಿದೆ. ಸುರಕುಂಬಾ ಪಾಯಸದ ಡಬ್ಬಿಯನ್ನು ಮೊಮ್ಮಗ ಹಫೀಜ್ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ, ನಾನು ತೆಗೆದುಕೊಂಡೆ. ಕಳ್ಳ ಮಾಲಿನ ವ್ಯಾಪಾರದ ಹಾಗೆ.

ತಿಂದೆ. ರುಚಿ ಅದೇ. ಕೂಡಿ ಕೂತು ತಿನ್ನದೆ ಇದು ಎರಡನೇ ರಂಜಾನು.

೨೪ ಮೇ, ಸೋಮವಾರ

ಬೆಳಿಗ್ಗೆ ಆರೂವರೆಗೆ ಚೆಕ್‌ಪೋಸ್ಟಿಗೆ ಆಟೋ ಬಂತು. ಒಳಗೆ ಖಾಲಾ, ಬುರ್ಹಾನ. ಎದೆನೋವು, ರಾತ್ರಿಯಿಂದ. ನಾನೇ ಓಡಿ ಬ್ಯಾರಿಕೇಡ್ ಸರಿಸಿದೆ. ಬೇಗ ಹೋಗು ಅಂದೆ. ಖಾಲಾ ಆಟೋ ನಿಲ್ಲಿಸಿದರು. ಮಾಸ್ಕ್ ಇಳಿಸಿ ಹೇಳಿದರು —

"ರಾಯಚೂರಿಗಿ ಹೊಂಟೀನಿ ಕೊಟ್ರೇಶ. ಬರದಿದ್ರ ನೀ ಒಂದ್ ಹೆಗಲು ಕೊಡಬೇಕು ನೋಡು. ಉಂಡಿದ್ದು ಇಳೀಬೇಕಲ್ಲ."

ನಕ್ಕರು. ನನಗೆ ನಗು ಬರಲಿಲ್ಲ. ಸುಮ್ಮನೆ ಕೂಡ್ರಿ, ಹಾಗೇನೂ ಆಗಲ್ಲ ಅಂದೆ.

೨೭ ಮೇ, ಗುರುವಾರ, ಬೆಳಿಗ್ಗೆ ೫

ಖಾಲಾ ಹೋದರು. ನಿನ್ನೆ ಸಂಜೆ. ಹಾರ್ಟ್. ಕೊರೊನಾ ರಿಪೋರ್ಟ್ ನೆಗೆಟಿವ್, ಆದ್ದರಿಂದ ಮನೆಗೆ ತರಲು ಬಿಟ್ಟಿದ್ದಾರೆ.

ಬುರ್ಹಾನ ಬಂದಿದ್ದ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಮಣ್ಣಿಗೆ ಹೋಗಲು ಐದೇ ಜನಕ್ಕೆ ಅನುಮತಿ. ಅವನು, ಹಫೀಜ್, ದೇವದುರ್ಗದ ಅಳಿಯ, ಮುಕರ್ರಂ ಮೌಲಾನಾ.

"ಐದನೇದು ನೀನು," ಅಂದ. "ಅಮ್ಮೀ ನಿನ್ನ ಹೆಸರು ಹೇಳಿ ಹೋಗ್ಯಾಳ."

ಓಣಿಯಲ್ಲಿ ಅವರದೇ ಮಂದಿ ಎಷ್ಟಿದ್ದಾರೆ. ಯಾರೂ ತಕರಾರು ಮಾಡಲಿಲ್ಲವಂತೆ. ಮಧ್ಯಾಹ್ನ ಹನ್ನೆರಡಕ್ಕೆ ಡ್ಯೂಟಿ ಬಿಡುತ್ತದೆ. ಬಂದೇ ಬರುತ್ತೇನೆ ಅಂದೆ.

ಅದೇ ದಿನ, ಸಂಜೆ

ಬರೆದುಬಿಡಬೇಕು.

ಹನ್ನೊಂದರ ಸುಮಾರಿಗೆ ಕಲ್ಲೂರಿನ ಕಡೆಯಿಂದ ಸೈಕಲ್ ತಳ್ಳಿಕೊಂಡು ಒಬ್ಬ ಮುದುಕ. ಅಲ್ಲಾಬಕ್ಷ್ ಮಾಮು — ಖಾಲಾ ಅವರ ತಮ್ಮ. ಬಸ್ಸಿಲ್ಲ, ಯಾರೂ ಗಾಡಿ ಕೊಟ್ಟಿಲ್ಲ. ಮಧ್ಯೆ ಚೈನ್ ತುಂಡಾಗಿದೆ. ಬರಲಾರರು ಎಂದುಕೊಂಡು ಬುರ್ಹಾನ ಅವರನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಎಲ್ಲಿಗೆ ಎಂದು ಅಮೋಘಸಿದ್ದ ಕೇಳಿದ. ಮಾಮು ಊರ ಕಡೆ ಕೈ ತೋರಿಸಿದರು.

ಐದು ಎಂದರೆ ಐದು. ಗಣಿತದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೆನ್ನಿಗೆ ಬಿದ್ದ ತಮ್ಮನನ್ನು ಹೊರಗಿಟ್ಟು ನಾನು ಹೋಗುವುದೇ? ನೀರು ಕುಡಿಸಿ, ಬೇಗ ಹೋಗ್ರಿ ಮಾಮು, ನಿಮಗಾಗಿ ಕಾಯುತ್ತಿದ್ದಾರೆ ಎಂದು ಬ್ಯಾರಿಕೇಡ್ ಸರಿಸಿದೆ. ಹನ್ನೆರಡಕ್ಕೆ ಬುರ್ಹಾನನಿಗೆ ಫೋನ್ ಮಾಡಿ, ನನ್ನ ಬದಲಿಗೆ ಬರುವವನು ಬಂದಿಲ್ಲ, ಡ್ಯೂಟಿ ಬಿಡುವಂತಿಲ್ಲ ಅಂದೆ. ಶುದ್ಧ ಸುಳ್ಳು. ಬದಲಿಯವನು ಪಕ್ಕದಲ್ಲೇ ನಿಂತಿದ್ದ, ಅವನನ್ನು ನಾನೇ ಮನೆಗೆ ಕಳಿಸಿದೆ. ಬುರ್ಹಾನ ಆಯ್ತು ಬಿಡು ಅಂದ. ಫೋನ್ ಇಟ್ಟ ಮೇಲೆ ಅಳು ಬಂತು. ಗದ್ದೆಯ ಕಡೆ ಮುಖ ಮಾಡಿ ಅತ್ತೆ.

ಎರಡೂವರೆಗೆ ಜನಾಜಾ ಬಂತು. ಕಬ್ರಸ್ತಾನ ಚೆಕ್‌ಪೋಸ್ಟಿನ ಆಚೆಗೆ, ನಮ್ಮನ್ನು ದಾಟಿಯೇ ಹೋಗಬೇಕು. ನಾಲ್ವರ ಹೆಗಲ ಮೇಲೆ ಖಾಲಾ. ಮುಂದೆ ಮೌಲಾನಾ. ಹಿಂದೆ ರಸ್ತೆ ಖಾಲಿ. ಓಣಿಯವರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತೇ ಕಳಿಸಿಕೊಟ್ಟರಂತೆ, ಒಬ್ಬರೂ ಮೆಟ್ಟಿಲು ಇಳಿಯಲಿಲ್ಲವಂತೆ. ಹೆಂಡತಿ ಸುನಂದಾ ಆಮೇಲೆ ಹೇಳಿದಳು.

ನಮ್ಮಲ್ಲಿ ಬ್ಯಾರಿಕೇಡ್ ಎರಡು. ಮಧ್ಯೆ ಒಂದು ಲಾರಿ ನಿಲ್ಲುವಷ್ಟು ಜಾಗ. ಮೊದಲನೆಯದನ್ನು ದಾಟುತ್ತಲೇ ಅಲ್ಲಾಬಕ್ಷ್ ಮಾಮುವಿನ ಕಾಲು ಸೋತಿತು. ಜನಾಜಾ ಒಂದು ಕಡೆ ವಾಲಿತು. ಮೌಲಾನಾ ಹೆಗಲು ಕೊಡಲು ಹಿಂದೆ ತಿರುಗಿದರು. ನಾನು ನಿಂತಲ್ಲೇ ನಿಂತಿದ್ದೆ. ಆರನೆಯವನು.

ಅಮೋಘಸಿದ್ದ ಮೆಲ್ಲಗೆ ಅಂದ — "ಹಿಡೀರಿ ಸರ. ಐದು ಮಂದಿ ಲೆಕ್ಕ ಅವ್ರದು. ನೀವು ಡ್ಯೂಟಿ ಮ್ಯಾಲ ಅದೀರಿ. ಡ್ಯೂಟಿ ಮಂದೀನ್ನ ಯಾರ್ ಎಣಿಸ್ತಾರ?"

ಮೌಲಾನಾ ನನ್ನನ್ನು ನೋಡಿದರು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬದಿಗೆ ಸರಿದರು.

ಹೆಗಲು ಕೊಟ್ಟೆ. ಆ ಬ್ಯಾರಿಕೇಡಿನಿಂದ ಈ ಬ್ಯಾರಿಕೇಡಿನವರೆಗೆ. ಪಕ್ಕದಲ್ಲಿ ಬುರ್ಹಾನ. ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಎಷ್ಟು ಹಗುರ ಇದ್ದರು. ನಿಧಾನ ನಡೆದೆವು, ಎಷ್ಟು ನಿಧಾನ ಸಾಧ್ಯವೋ ಅಷ್ಟು. ಎರಡನೆಯ ಬ್ಯಾರಿಕೇಡಿನ ಹತ್ತಿರ ಮೌಲಾನಾ ಬಂದು ನನ್ನ ಜಾಗ ತೆಗೆದುಕೊಂಡರು. ಆಚೆಗೆ ಐದು ಜನ ಹೋದರು. ನಾನು ಈಚೆಗೆ ಉಳಿದೆ.

ಡ್ಯೂಟಿಯಿಂದ ಬಂದರೆ ಬಟ್ಟೆ ಬಾಗಿಲಲ್ಲೇ ಬಿಚ್ಚಿ ಡೆಟಾಲ್ ಬಕೆಟ್ಟಿಗೆ ಹಾಕಬೇಕು. ನಮ್ಮ ಮನೆಗೆ ನಾನೇ ಮಾಡಿದ ನಿಯಮ. ಒಂದು ದಿನವೂ ತಪ್ಪಿಸಿಲ್ಲ. ಸುನಂದಾ ಬಕೆಟ್ ಇಟ್ಟು ಎರಡು ಸಲ ಕರೆದಳು. ಹೊರಗೇ ಕೂತು ಬರೆಯುತ್ತಿದ್ದೇನೆ. ಅಂಗಿ ಬಿಚ್ಚುವ ಮನಸ್ಸಿಲ್ಲ. ಬಲ ಹೆಗಲ ಮೇಲೆ ಜನಾಜಾದ ಕರ್ಪೂರದ ವಾಸನೆ ಇನ್ನೂ ಇದೆ. ನೀರಿಗೆ ಹಾಕಿದರೆ ಅದೂ…