ಮಾವನ ಮೂಳೆ, ರೈಲಿನ ಗೂಟ

ಕುರಿ ವರ್ಷ, ಎರಡನೇ ತಿಂಗಳು, ಮೂರು

ರೈಲು ಗೋರಿಗಳ ಗುಡ್ಡ ಬಳಸಿ ಹೋಗುತ್ತದೆ ಅಂದಿದ್ದರು ಕಂಪನಿಯವರು. ಹೋಗುವುದಿಲ್ಲ. ಗೋರಿ ಗುಡಿಸುವ ಹಬ್ಬದವರೆಗೆ ಗುದ್ದಲಿ ಹಾಕುವುದಿಲ್ಲ ಅಂದಿದ್ದರು. ಹಬ್ಬಕ್ಕೆ ಮೊದಲೇ ಹಾಕುತ್ತಾರೆ. ಮೂಳೆ ಎತ್ತಲು ಗಂಡುಮಕ್ಕಳು ಅಮೆರಿಕದಿಂದ ಬರುವ ತನಕ ಕಾಯುತ್ತೇವೆ ಅಂದಿದ್ದರು. ಕಾಯುವುದಿಲ್ಲ.

ಹಂದಿಗೆ ಸೊಪ್ಪು ತರಲು ಹೋದಾಗ ಕಂಡೆ — ಮಾವನ ಗೋರಿಯ ಎದೆಗೇ ರೈಲು ದಾರಿ ಗುರುತಿನ ಗೂಟ. ಕೆಂಪು ಬಟ್ಟೆ ಬೇರೆ.

ಐದು

ಅತ್ತೆ ಕೆಸುವಿನ ಗೆಡ್ಡೆ ಸುಲಿಯುತ್ತಾ ಅದೇ ಮಾತು: "ನಿನ್ನ ಮಾವ ಅಮೆರಿಕದಲ್ಲಿ ರೈಲು ಹಾಕೀ ಹಾಕೀ ಸತ್ರು. ಮೂಳೆಯಾಗಿ ಪೆಟ್ಟಿಗೇಲಿ ಬಂದ್ರು. ಮೊಳೆ ಕಿತ್ತು ಒಂದ್ಸಲ ತೋರಿಸ್ರೋ ಅಂದೆ. ಹೆಂಗಸರು ನೋಡಬಾರ್ದು ಅಂದ್ರು. ಈಗ ಇಲ್ಲಿಗೂ ಬಂತೇನೇ ಆ ರೈಲು, ಅವರನ್ನ ಎಬ್ಬಿಸೋಕೆ?"

ಗೆಡ್ಡೆ ಬೇಯಿಸಿದೆ.

ಒಂಬತ್ತು

ಕುಲದ ಹಿರಿಯ ಗಿಮ್‌ಲೂಕ್ ಹತ್ತಿರ ಹೋದೆ. ಅಂಗಳದಲ್ಲೇ ನಿಲ್ಲಿಸಿದ.

"ಮಗ ಇಲ್ದೆ ಮೂಳೆ ಮುಟ್ಟೋ ಹಾಗಿಲ್ಲ. ಕಂಪನಿ ಆಳುಗಳು ಎತ್ತಿ ಎಲ್ಲರದ್ದೂ ಒಂದೇ ಗುಂಡಿಗೆ ಹಾಕ್ತಾರೆ. ಹೋಗಮ್ಮಾ."

"ಚಿಕ್ಕತಾತ, ನನ್ನ ಮದುವೆಗೂ ನಿಮ್ಮ ಹುಡುಗ ಅಮೆರಿಕದಿಂದ ಬರ್ಲಿಲ್ಲ. ಅವನ ಬದಲಿಗೆ ಹುಂಜ ತಂದು ನನ್ನ ಪಕ್ಕಕ್ಕೆ ನಿಲ್ಲಿಸಿದ್ರಿ. ಅದರ ಜೊತೇಲೇ ತಲೆ ಬಾಗಿಸಿದೆ. ಹುಂಜ ಗಂಡ ಆಗಬಹುದು, ನಾನು ಮಗ ಆಗಬಾರ್ದಾ?"

ಅಂಗಳದಲ್ಲಿದ್ದವರು ಕಿಸಕ್ಕೆಂದರು, ನೆರೆಮನೆಯ ಯುಕ್‌ಸಿಮ್ ಕೂಡ.

"ಇವಳ ಬಾಯಿ ನೋಡ್ರೋ! ಆ ಹುಂಜನೂ ಇಷ್ಟು ಕೂಗ್ಲಿಲ್ಲ," ಅಂದ ಗಿಮ್‌ಲೂಕ್.

ನಗಲಿ. ನಕ್ಕವರ ಮನೆಯಲ್ಲೂ ಗೋರಿ ಇದೆ. ಈ ಊರಿನ ಗಂಡಸರನ್ನು ತಿಂದೇ ಅಮೆರಿಕದ ರೈಲು ಹುಟ್ಟಿದ್ದು. ಈಗ ಅಲ್ಲಿಂದ ಬಂದವರೇ ಇಲ್ಲಿ ಕಂಪನಿ ಕಟ್ಟಿದ್ದಾರೆಂದು "ನಮ್ಮವರದೇ ರೈಲು" ಎಂಬ ಜಂಬ!

ಹದಿನೆಂಟು

ಎಷ್ಟೋ ದಿನ ಬರೆಯಲಿಲ್ಲ. ಗಂಡನ ಫೋಟೋ ಒರೆಸಿದೆ. ಮುಖ ಗೊತ್ತು, ದನಿ ಗೊತ್ತಿಲ್ಲ. ಅವನ ಕೆಲಸ ನಾನು ಮಾಡುತ್ತೇನೆ. ಯಾರನ್ನೂ ಕೇಳದೆ.

ಇಪ್ಪತ್ತು

ಎತ್ತಿದೆವು. ಹಗಲಲ್ಲೇ, ಎಲ್ಲರ ಕಣ್ಣೆದುರು. ಮೂಳೆಗೆ ಬಿಸಿಲು ತಾಕದಂತೆ ಅತ್ತೆ ಕೊಡೆ ಹಿಡಿದರು. ನಾನು ಪೆಟ್ಟಿಗೆಯ ಮೊಳೆ ಕಿತ್ತೆ. ಮೊದಲು ಪಾದ, ಕೊನೆಗೆ ತಲೆ — ಮೂಳೆ ಇಡುವ ಮಡಕೆಯಲ್ಲಿ, ಮನುಷ್ಯ ಕೂತಂತೆ ಕೂರಿಸಿದೆ.

ಕೈಮೂಳೆ ಎತ್ತಿದಾಗ ಅತ್ತೆ ಕೇಳಿ ತೆಗೆದುಕೊಂಡರು. ತಮ್ಮ ಅಂಗೈಗೆ ಹೊಂದಿಸಿ ನೋಡಿದರು.

"ಇಷ್ಟೇನಾ? ನನಗೆ ನೆನಪಿರೋದು ದೊಡ್ಡ ಕೈ ಕಣೇ."

ಕೊಡೆ ಅಲುಗಲಿಲ್ಲ.

ಸಂಜೆ, ಅಂದು ನಕ್ಕಿದ್ದ ಯುಕ್‌ಸಿಮ್ ಬಂದಳು. ಹಿಂದೆ ಇನ್ನೂ ಹೆಂಗಸರು. "ಅಕ್ಕಾ, ನಮ್ಮ ಮಾವಂದು ಹೆಂಗೆ ಎತ್ತೋದು? ಪಾದ ಮೊದಲಾ?"

ಇಪ್ಪತ್ತಮೂರಕ್ಕೆ ಕಂಪನಿ ಗುದ್ದಲಿ. ಅದಕ್ಕೆ ಮೊದಲೇ ನಾವು. ಇಪ್ಪತ್ತೆರಡು, ಬೆಳಗಿನ ಗಂಜಿಯಾದ ಮೇಲೆ, ಬಿಸಿಲೇರುವ ಹಾವಿನ ಗಳಿಗೆಗೆ ಗುಡ್ಡದ ಮೇಲೆ. ಎಲ್ಲರೂ. ಗಿಮ್‌ಲೂಕ್ ಅಡ್ಡ ಬಂದರೆ ಅವನ ಕೈಗೂ ಒಂದು ಕೊಡೆ ಕೊಡುತ್ತೇವೆ.