ತುಕ್ಕಿಗೆ ಹಸಿರು ಬಳಿದವರಿಗೆ

ಸೇತುವೆ ನಿರ್ವಹಣೆಯ ಮಾನ್ಯ ಅಧಿಕಾರಿಗಳೇ,

ರೈಲು ಹಳಿ ದಾಟುವ ಕಾಲ್ಸೇತುವೆಯ ರೇಲಿಂಗ್ ಮುರಿದು ನನ್ನ ಅತ್ತೆ ಮೆಟ್ಟಿಲಿಂದ ಉರುಳಿ ಬಿದ್ದು ಬಲಗೈ ಮುರಿದುಕೊಂಡರು. ತಮ್ಮ ಕಚೇರಿ ತನಿಖೆ ನಡೆಸಿ, ‘ಬಣ್ಣದ ಪದರ ಸುಸ್ಥಿತಿಯಲ್ಲಿದೆ’ ಎಂದು ಪ್ರಕಟಿಸಿದೆ. ಸತ್ಯವಾದ ಮಾತು. ಮುರಿದ ತುಂಡನ್ನು ನಾನೂ ನೋಡಿದೆ. ಹೊರಗೆ ಬಣ್ಣ ಥಳಥಳಿಸುತ್ತಿತ್ತು. ಒಳಗೆ ಕಬ್ಬಿಣದ ಬದಲು ಕೆಂಪು ಹುಡಿ ಇತ್ತು. ಇಷ್ಟು ದಿನ ನಾವು ಬರೀ ಬಣ್ಣವನ್ನು ಹಿಡಿದುಕೊಂಡು ಹತ್ತಿಳಿಯುತ್ತಿದ್ದೆವೆಂದು ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞಳಾಗಿದ್ದೇನೆ.

ನಾನು ಫ್ರಿಜ್ ಕಾರ್ಖಾನೆಯಲ್ಲಿ ತಗಡಿನ ಮೇಲಿನ ಲೇಪನ ಪರೀಕ್ಷಿಸುವವಳು. ಬ್ಲೇಡಿನಿಂದ ಚೌಕಚೌಕವಾಗಿ ಗೀರಿ, ಅಂಟುಪಟ್ಟಿ ಒತ್ತಿ, ಸರ್ರನೆ ಎಳೆಯುತ್ತೇನೆ. ಬಣ್ಣ ಪಟ್ಟಿಯ ಜೊತೆ ಎದ್ದು ಬಂದರೆ ಅದು ಲೋಹವನ್ನು ಹಿಡಿದಿಲ್ಲವೆಂದೇ ಅರ್ಥ. ಹಿಡಿತ ಸಿಗಬೇಕಾದರೆ ಲೋಹ ಶುಚಿಯಾಗಿ, ಒಣಗಿ, ತುಸು ತರಿತರಿಯಾಗಿರಬೇಕು. ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕನ್ನು ಹಿಡಿಯುತ್ತದೆ. ತುಕ್ಕೋ, ಯಾರನ್ನೂ ಹಿಡಿಯುವುದಿಲ್ಲ. ಅಡಿಯಲ್ಲಿ ಸಿಕ್ಕಿಕೊಂಡ ತೇವ, ಉಪ್ಪು ಎರಡೂ ಸೇರಿ ಬಣ್ಣದ ಮರೆಯಲ್ಲಿ ಕಬ್ಬಿಣವನ್ನು ನಿಶ್ಚಿಂತೆಯಿಂದ ತಿನ್ನುತ್ತವೆ. ‘ಹೊರಗೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಕಟ್ಟಿದವರೇನಾದರೂ ತಮ್ಮ ಇಲಾಖೆಯಲ್ಲಿ ಕೆಲಸಕ್ಕಿದ್ದರೇ?

ಅತ್ತೆ ಬೀಳುವುದಕ್ಕೆ ಕೆಲವು ತಿಂಗಳ ಮುಂಚೆ, ಯಾರೋ ಗಣ್ಯರು ಬರುತ್ತಾರೆಂದು ತಮ್ಮವರು ಜಿನುಗು ಮಳೆಯಲ್ಲೇ ಬಣ್ಣ ಬಳಿಯುತ್ತಿದ್ದರು. ತುಕ್ಕು ಉಜ್ಜಿರಲಿಲ್ಲ, ಪ್ರೈಮರ್ ಹಚ್ಚಿರಲಿಲ್ಲ. ಅತ್ತೆಯ ಜೊತೆ ಕೆಲಸಕ್ಕೆ ಹೊರಟಿದ್ದ ನಾನು ನಿಂತು, ತುಕ್ಕಿನ ಮೇಲೆ ಬಳಿದರೆ ನಿಲ್ಲುವುದಿಲ್ಲ ಎಂದು ಹೇಳಿದೆ. ತಮ್ಮ ಎಂಜಿನಿಯರು ಕೊಡೆ ಸರಿಮಾಡಿಕೊಳ್ಳುತ್ತಾ, “ಒಂದ್ ಕೋಟ್ ಬಿದ್ರೆ ತುಕ್ಕು ಕಾಣೋದೇ ಇಲ್ಲ ಮೇಡಂ, ನೀವು ಹೋಗಿ” ಎಂದರು. ಅತ್ತೆಯೂ ಅವರ ಕಡೆಯೇ. ಸೊಸೆಗೆ ಬಾಯಿ ಜಾಸ್ತಿ ಎಂಬುದು ನನ್ನ ಮದುವೆಯಾದಂದಿನಿಂದ ಅವರ ದೂರು. ಹಸಿರು ಕಣ್ಣಿಗೆ ತಂಪಾಗಿದೆ ಎಂದು ಅಲ್ಲೇ ಹೊಗಳಿದರು. ಕಡೆಗೆ ಆ ಹಸಿರು ಅವರನ್ನೇ ಕೈಬಿಟ್ಟಿತು. ದರ್ಜಿ ಅಂಗಡಿಯಲ್ಲಿ ಕಾಜ ಹೊಲಿಯುವ ಬೆರಳುಗಳು ಅವು. ಈಗ ಸೂಜಿ ಹಿಡಿಯಲಾರವು. ಆಸ್ಪತ್ರೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು, “ನೀನು ಹೇಳಿದ್ದೆ” ಎಂದಷ್ಟೇ ಅಂದರು. ಗೆದ್ದೆನೆಂಬ ಸಂತೋಷ ನನಗಾಗಲಿಲ್ಲ.

ಇಷ್ಟಕ್ಕೆ ತಮ್ಮ ಕಚೇರಿ ಹುಡುಕಿದ ಪರಿಹಾರವೇನು? ತುಂಡು ಬೆಸೆದು ಮತ್ತೊಂದು ಕೋಟ್. ಕಳೆದ ವಾರ ಬಣ್ಣದ ಡಬ್ಬ ಹೊತ್ತು ಬಂದವರ ಎದುರು ಅತ್ತೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಮೊದ್ಲು ಕೆರೀರಿ. ಒಳಗೆ ಕಬ್ಬಿಣ ಇದ್ಯಾ ತೋರ್ಸಿ. ಆಮೇಲೆ ಬಳೀರಿ.”

ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕುಳಿತರು. ಬಣ್ಣದವರು ಮರ್ಯಾದಸ್ಥರು, ಡಬ್ಬ ಮುಚ್ಚಿಕೊಂಡು ವಾಪಸಾದರು. ಅತ್ತೆ ಮಾತ್ರ ದಿನಾ ಹೋಗಿ ಅಲ್ಲೇ ಕೂರುತ್ತಿದ್ದಾರೆ.

ಆದ್ದರಿಂದ ಸೇತುವೆಯನ್ನು ತಕ್ಷಣ ಮುಚ್ಚಿಸಿ. ತುಕ್ಕನ್ನು ಬುಡಸಮೇತ ತೆಗೆಸಿ, ಸತ್ತ ಕಬ್ಬಿಣ ಬದಲಿಸಿ, ಒಣ ಹವೆಯಲ್ಲಿ ಪ್ರೈಮರ್ ಹಚ್ಚಿಸಿ, ಅದರ ಮೇಲೆ ತಮಗಿಷ್ಟವಾದ ಬಣ್ಣ ಬಳಿಸಿ. ಇದು ಅತಿಯಾಯಿತು ಎನಿಸಿದರೆ ತಾವೇ ಒಮ್ಮೆ ಬನ್ನಿ; ರೇಲಿಂಗಿನ ಮೇಲೆ ಮೈಭಾರವೆಲ್ಲ ಹಾಕಿ ಮೇಲಿನಿಂದ ಕೆಳಗೆ ಇಳಿದು ತೋರಿಸಿ. ತಾವು ಬರುವುದಾದರೆ ಅತ್ತೆ ಸರಿದು ದಾರಿ ಬಿಡುತ್ತಾರಂತೆ.

ಇಂತಿ,
ಮೆಟ್ಟಿಲಿಗೆ ಊಟದ ಡಬ್ಬಿ ಸಾಗಿಸಿ ಸುಸ್ತಾಗಿರುವ
ಸೊಸೆ