ದೊಡ್ಡಮ್ಮನ ರೆಕ್ಕೆಯಲ್ಲಿ ಕಂಡ ಬಿರುಕು

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ರೇಗಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಬೇಕೂಂತಲೇ ಮಾಡ್ತಿದೀಯಾ? ಮೂರು ವಾರದಿಂದ ಹೆಲ್ಮೆಟ್ ಹಿಡ್ಕೊಂಡು ಕೂತಿದೀನಿ" ಅಂದೆ. ನಾನು "ನಿನ್ನ ದೊಡ್ಡಮ್ಮನಿಗೆ ಮೈ ಸರಿಯಿಲ್ಲ ಕಣೇ" ಎಂದು ಫೋನ್ ಇಟ್ಟುಬಿಟ್ಟೆ. ಬಾಯಲ್ಲಿ ಹೇಳಹೊರಟರೆ ನಾವಿಬ್ಬರೂ ಜಗಳಕ್ಕೇ ನಿಲ್ಲುವುದು, ಅದಕ್ಕೇ ಬರೆಯುತ್ತಿದ್ದೇನೆ.

ಆ ಹೆಸರಿಟ್ಟವಳು ನೀನೇ. ನಾಲ್ಕು ವರ್ಷದವಳಿದ್ದಾಗ ನಿನ್ನನ್ನು ಹ್ಯಾಂಗರಿಗೆ ಕರೆದುಕೊಂಡು ಹೋಗಿದ್ದೆ. ಆ ಬೂದು ಬಣ್ಣದ ಬಾಂಬರ್ ವಿಮಾನ ತೋರಿಸಿ, ಇದು ನನಗಿಂತ ಎರಡು ವರ್ಷ ದೊಡ್ಡದು ಎಂದೆ. "ಹಾಗಾದ್ರೆ ನಂಗೆ ದೊಡ್ಡಮ್ಮ" ಎಂದು ನೀನು ಅದರ ಚಕ್ರ ತಬ್ಬಿಕೊಂಡೆ. ಫ್ರಾಕಿನ ತುಂಬ ಗ್ರೀಸು. ಅಂದಿನಿಂದ ಇಡೀ ಹ್ಯಾಂಗರಿಗೆ ಅವಳು ದೊಡ್ಡಮ್ಮನೇ.

ಅವಳು ಹುಟ್ಟಿದಾಗ ಹದಿನೈದು ವರ್ಷ ಬಾಳಿದರೆ ಹೆಚ್ಚು ಎಂದಿದ್ದರಂತೆ. ಈಗ ಐವತ್ತೈದು. ಅವಳ ಜಾಗಕ್ಕೆಂದು ತಂದ ಹೊಸ ವಿಮಾನಗಳೇ ಅವಳಿಗಿಂತ ಮೊದಲು ಗುಜರಿ ಸೇರಿದವು. ಬೀಳ್ಕೊಡುಗೆ ಎಂದು ನಾವು ಎರಡು ಸಲ ಸಿಹಿ ಹಂಚಿ ತಿಂದೆವು. ಎರಡು ಸಲವೂ, ಇನ್ನಷ್ಟು ವರ್ಷ ಇರಲಿ ಎಂದು ಮೇಲಿನಿಂದ ಆದೇಶ ಬಂತು. ತಿಂದ ಸಿಹಿ ವಾಪಸ್ ಕೊಡಲಾಗುತ್ತದೆಯೇ? ಎಂಜಿನ್ ಬದಲಾಯಿತು, ವೈರುಗಳು ಬದಲಾದವು, ರೆಕ್ಕೆಯ ತಗಡು ಅರ್ಧಕ್ಕರ್ಧ ನನ್ನ ಕೈಯಲ್ಲೇ ಬದಲಾಯಿತು. ಪೈಲಟ್ ಕಿಟಕಿಯ ಕೆಳಗಿನ ಪಟ್ಟಿ ಮಾತ್ರ ಮೊದಲಿನದೇ. ಅದಕ್ಕೆ ರಿವೆಟ್ ಹೊಡೆದವರು ನಿನ್ನ ತಾತ. ಮನೆಯಲ್ಲಿ ಒಂದು ಮೊಳೆ ಹೊಡೆಯಿರಿ ಎಂದರೆ ಬೆರಳಿಗೆ ಹೊಡೆದುಕೊಳ್ಳುತ್ತಿದ್ದ ಮನುಷ್ಯ, ಅಲ್ಲಿ ದಾರ ಹಿಡಿದಷ್ಟು ನೇರವಾಗಿ ಹೊಡೆದಿದ್ದಾರೆ.

ನೀನು ಪೈಲಟ್ ಆದಾಗ ನಾನು ಹಿಗ್ಗಿದ್ದೆ. ನಿನಗೆ ಹೊಸ ವಿಮಾನ ಕೊಡುತ್ತಾರೆ ಅಂದುಕೊಂಡಿದ್ದೆ. ನೀನೋ, ಹಠ ಹಿಡಿದು ದೊಡ್ಡಮ್ಮನನ್ನೇ ಕೇಳಿ ಪಡೆದೆ. ಆ ಸುದ್ದಿ ಬಂದದ್ದೇ ತಡ, ನನ್ನ ಕಣ್ಣು ಕೆಟ್ಟಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನಗೆ ಕಂಡದ್ದೆಲ್ಲ ಬಿರುಕು. ಒಂದು ದಿನ ಟೈರು ಸರಿಯಿಲ್ಲ ಎಂದೆ, ಮರುದಿನ ಪಂಪು ಎಂದೆ, ಹಾರಲು ಬೇಕಾದ ಸಹಿಯನ್ನು ಹಾಕಲೇ ಇಲ್ಲ. ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ್ದ ಬೋಲ್ಟುಗಳೆಲ್ಲ ನನಗೆ ಕಳ್ಳರಂತೆ ಕಾಣತೊಡಗಿದವು.

ಕಳೆದ ವಾರ, ಬಿರುಕು ಹುಡುಕುವ ಕೆಂಪು ಬಣ್ಣ ಬಳಿದು ಒರೆಸಿದಾಗ, ರೆಕ್ಕೆಯ ಬುಡದಲ್ಲಿ ತೆಳ್ಳಗೆ ಒಂದು ಗೆರೆ ಉಳಿಯಿತು. ಯಾರೂ ಮುಟ್ಟಬೇಡಿ ಎಂದು ಕೂಗಾಡಿದೆ. ಟ್ಯಾಂಕ್ ಖಾಲಿ ಮಾಡಿಸಿ, ರೆಕ್ಕೆ ಬಿಚ್ಚಿಸಿ, ಒಳಗಿನಿಂದ ನೋಡಿಸಿದೆ. ಒಳಗೆ ಏನೂ ಇಲ್ಲ. ಕೊನೆಗೆ ಫೋರ್‌ಮನ್ ಬಂದು ಆ ಗೆರೆಯನ್ನು ಉಗುರಿನಿಂದ ಕೆರೆದರು. ಗೆರೆ ಎದ್ದು ಕೈಗೆ ಬಂತು. ಗುಡ್ಡ ಅಗೆದು ಇಲಿ ಹಿಡಿದವರಿಗಾದರೂ ಇಲಿ ಸಿಕ್ಕಿತ್ತು, ನಮಗೆ ಸಿಕ್ಕಿದ್ದು ನನ್ನದೇ ತಲೆಯ ನರೆಗೂದಲು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಫೋರ್‌ಮನ್ ಮಾತ್ರ ನಗಲಿಲ್ಲ. ಚಹಾ ಕೊಡಿಸುತ್ತೇನೆಂದು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: "ಅಕ್ಕಾ, ನೀವು ವಿಮಾನ ನೋಡ್ತಿಲ್ಲ, ಮಗಳನ್ನ ನೋಡ್ತಿದೀರಿ. ಇವತ್ತು ಇಲ್ಲದ ಬಿರುಕು ಕಾಣಿಸ್ತು. ನಾಳೆ ಇರೋದೇ ಕಾಣದೆ ಹೋದ್ರೆ?"

ನೀನು ಅವಳನ್ನು ಬಿಡುವವಳಲ್ಲ, ಹಾಗಾಗಿ ಬಿಡಬೇಕಾದವಳು ನಾನೇ. ಇವತ್ತು ದೊಡ್ಡಮ್ಮನನ್ನು ಕುಳ್ಳಣ್ಣನಿಗೆ ಒಪ್ಪಿಸಿದೆ. ಬಾಲದ ತುದಿಯವರೆಗೂ ನುಸುಳಬಲ್ಲ ಮೆಕ್ಯಾನಿಕ್ ನಮ್ಮಲ್ಲಿ ಅವನೊಬ್ಬನೇ.

ವಿಮಾನ ಒಪ್ಪಿಸುವಾಗ ನಮ್ಮಲ್ಲೊಂದು ಪದ್ಧತಿಯಿದೆ. ಕೊಡುವವರೂ ವಹಿಸಿಕೊಳ್ಳುವವರೂ ಚಕ್ರವಿರುವ ಹಲಗೆಯ ಮೇಲೆ ಅಂಗಾತ ಮಲಗಿ, ಮೂಗಿನಿಂದ ಬಾಲದವರೆಗೆ ಹೊಟ್ಟೆಯಡಿ ಸರಿಯುತ್ತಾ ಹೋಗಬೇಕು. ಒಂದೊಂದು ಜಾಗದ ಸ್ವಭಾವವನ್ನೂ ಒಬ್ಬರು ಹೇಳಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಎಡ ಚಕ್ರದ ಕಾಲು ಚಳಿಗೆ ನರಳುತ್ತದೆ, ಅದು ರೋಗವಲ್ಲ. ಮೂರನೇ ಪಂಪು ಬಿಕ್ಕಳಿಸಿಯೇ ಕೆಲಸ ಶುರು ಮಾಡುವುದು, ಹೆದರಬೇಡ. ಕುಳ್ಳಣ್ಣ ಶಾಲೆಯ ಹುಡುಗನಂತೆ ಒಪ್ಪಿಸಿದ. ನಡುವೆ ಒಮ್ಮೆ, "ಅಳಬೇಡಿ ಅಕ್ಕಾ, ನಿಮ್ಮ ಅಕ್ಕನ್ನ ನಾನು ಚೆನ್ನಾಗಿ ನೋಡ್ಕೋತೀನಿ" ಅಂದ. "ಅಳ್ತಿಲ್ಲ ಕಣೋ, ಕಣ್ಣಿಗೆ ಎಣ್ಣೆ ಬಿತ್ತು" ಅಂದೆ. ಅಲ್ಲಿ ಎಣ್ಣೆಯ ಕೊಳವೆಯೇ ಇಲ್ಲವೆಂದು ಅವನಿಗೂ ಗೊತ್ತು.

ಹೊಟ್ಟೆಯ ದೊಡ್ಡ ಬಾಗಿಲುಗಳ ಕೆಳಗೆ ಬಂದಾಗ ಹಲಗೆ ನಿಲ್ಲಿಸಿದೆ. ಅಲ್ಲಿ ತುಂಬುವುದು ಅಕ್ಕಿಮೂಟೆಯಲ್ಲವಲ್ಲ. ಅವಳನ್ನು ನಾನು ಎಷ್ಟೇ ಮುದ್ದು ಮಾಡಲಿ, ಯಾವ ಕೆಲಸಕ್ಕೆ ಕಟ್ಟಿದ್ದಾರೆಂಬುದನ್ನು ಮರೆತವಳಲ್ಲ. ನಾನು ನೋಡಿಕೊಂಡ ಮೂವತ್ತು ವರ್ಷ ಅವಳು ಕಾವಲಿಗೆ ಹೋದಳು, ಬಂದಳು. ಆ ಬಾಗಿಲು ತೆರೆದದ್ದು ನಮ್ಮ ಹ್ಯಾಂಗರಿನಲ್ಲಿ, ನಾನು ಗ್ರೀಸ್ ಹಚ್ಚುವಾಗ ಮಾತ್ರ. ಅದಕ್ಕೆ ಯಾರೂ ಪದಕ ಕೊಡುವುದಿಲ್ಲ. ನನಗಂತೂ ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿಲ್ಲ.

ನಾಳೆ ಕುಳ್ಳಣ್ಣ ಸಹಿ ಹಾಕುತ್ತಾನೆ, ನೀನು ಹಾರುತ್ತೀಯ. ನಾನು ರಜೆ ಹಾಕಿದ್ದೇನೆ. ಹ್ಯಾಂಗರಿನಲ್ಲಿದ್ದರೆ ಕೊನೇ ಗಳಿಗೆಯಲ್ಲಿ ಮತ್ತೇನಾದರೂ ಹುಡುಕಿಬಿಟ್ಟೇನು.

ಎಷ್ಟು ಎತ್ತರಕ್ಕೆ ಬೇಕಾದರೂ ಏರು ಕಂದಾ, ಎಷ್ಟು ದೂರ ಬೇಕಾದರೂ ಹೋಗು. ನಾಳೆಯೂ, ಮುಂದೆ ಹಾರುವ ಪ್ರತಿ ದಿನವೂ, ನೀನು ಮರಳಿ ಇಳಿದಾಗ ದೊಡ್ಡಮ್ಮನಲ್ಲಿ ಟ್ಯಾಂಕಿನ ಇಂಧನವೊಂದನ್ನು ಬಿಟ್ಟು ಬೇರೇನೂ ಕಡಿಮೆಯಾಗದಿರಲಿ.

ಇನ್ನು ಮೇಲೆ ನಿನ್ನ ವಿಮಾನದ ಮೆಕ್ಯಾನಿಕ್ ಅಲ್ಲದ, ಬರೀ
ನಿನ್ನ ಅಮ್ಮ